ಮನೆಯೊಳಗೆ ಮಾತ್ರ ತೆರೆಯುವ ಪುಟ

ಫ್ಯಾನು ಆರಿಸಿದರೂ ಗುಂಯ್ ಅನ್ನುತ್ತಲೇ ಇದೆಯಲ್ಲ, ಏನದು, ಓ, ಲ್ಯಾಪ್‌ಟಾಪು, ನಿನ್ನೆಯಿಂದ ಒಂದೇ ಸಮನೆ ಓಡುತ್ತಿದೆ, ಮುಟ್ಟಿದರೆ ಕಾದ ಹೆಂಚು, ಆದರೂ ಆರಿಸುವ ಹಾಗಿಲ್ಲ, ಆರಿಸಿದರೆ ಸರ್ವರ್ ನಿಲ್ಲುತ್ತದೆ, ಸರ್ವರ್ ನಿಂತರೆ ಅಪ್ಪ ಗೇಟಿನ ತನಕ ಬಂದರೂ ಗೊತ್ತಾಗುವುದಿಲ್ಲ — ಹುಚ್ಚೀ, ಅಪ್ಪ ಗೇಟಿಗೆ ಬಂದರೆ ನೋಡಲು ನಿನಗೆ ಕಣ್ಣಿಲ್ಲವೇ, ಅಂತ ತನ್ನನ್ನೇ ಬೈದುಕೊಂಡಳು, ಕಣ್ಣು ಮಾತ್ರ ಆ ಕಪ್ಪು ಪರದೆಯನ್ನು ಬಿಡಲೊಲ್ಲದು. ಅವಳು ಅಪ್ಪನಿಗೆಂದು ಮಾಡಿದ ಪುಟವನ್ನು ಯಾರು ತೆರೆದರೂ ಅಲ್ಲಿ ಒಂದು ಸಾಲು ಬೀಳುತ್ತದೆ, ಸಾಲಿನ ಮೊದಲಿಗೆ ತೆರೆದ ಯಂತ್ರದ ಅಂಕಿ, ಅದರ ಕೊನೆಗೆ ಏಳು ಇದ್ದರೆ ಅಪ್ಪನ ಟ್ಯಾಬ್ಲೆಟ್ಟು, ಏಳು ಬಿದ್ದದ್ದು ನಿನ್ನೆ ಬೆಳಿಗ್ಗೆಯೇ ಕೊನೆ, ಆಮೇಲೆ ಅಪ್ಪ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ, ಗೇಟು ತೆಗೆದು ಯಾರಿಗೂ ತಿಳಿಯದ ಹಾಗೆ ಹೊರಟುಹೋದ. ಅಗೋ ಸಾಲು! ಇಲ್ಲ, ಏಳಲ್ಲ, ಇದು ಅಮ್ಮನ ಮೊಬೈಲು, ಅಡುಗೆಮನೆಯಲ್ಲಿ ಕೂತು ಅಪ್ಪನ ಫೋಟೋ ನೋಡುತ್ತಿದ್ದಾಳೆ, ಅಮ್ಮಾ ಅದನ್ನ ತೆಗೀಬೇಡ ಕಣೇ ಅಂತ ಕೂಗಬೇಕು, ಆದರೆ ಹೇಗೆ ಕೂಗುವುದು, ಗಂಡನ ಮುಖ ನೋಡಬೇಡ ಅನ್ನಲಾದೀತೇ.

ಅಪ್ಪ ಲಿಫ್ಟ್ ಮೆಕ್ಯಾನಿಕ್, ಆಯುಷ್ಯವೆಲ್ಲ ಗುಂಡಿ ಒತ್ತಿ ನೋಡುವುದೇ ಕೆಲಸ, ಚಿಕ್ಕವಳಿದ್ದಾಗ ಅವಳು ಟಕಟಕ ಒತ್ತಿದರೆ ಕೈ ಹಿಡಿದು, ಏ ಕೋತಿ, ಒಂದ್ಸಲ ಗಟ್ಟಿಯಾಗಿ ಒತ್ತು, ಆಮೇಲೆ ಸುಮ್ನಿರು, ಬಂದೇ ಬರುತ್ತೆ, ಅನ್ನುತ್ತಿದ್ದ, ಅಂಥ ಅಪ್ಪ ಒಂದು ದಿನ ಅಮ್ಮನನ್ನು ನೋಡಿ, ನೀವು ಯಾರ ಕಡೆಯೋರು ಅಂತ ಬಹಳ ಮರ್ಯಾದೆಯಿಂದ ಕೇಳಿದ, ಅಮ್ಮ ನಕ್ಕಳು, ಈ ವಯಸ್ಸಲ್ಲಿ ಇವರಿಗೆ ತಮಾಷೆ ನೋಡು ಅಂದಳು, ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅದೇ ದಿನಗಳಲ್ಲಿ ಇವಳು ಕನ್ನಡಕದಂಗಡಿಯ ಕೆಲಸ ಮುಗಿಸಿ ವೆಬ್‌ಸೈಟ್ ಕಟ್ಟುವ ಕ್ಲಾಸಿಗೆ ಸೇರಿದ್ದು, ಎಷ್ಟು ದಿನ ಅಂತ ಬೇರೆಯವರ ಗಾಜು ಒರೆಸುವುದು, ಮನೆಯ ಲ್ಯಾಪ್‌ಟಾಪಿನಲ್ಲೇ ಪುಟ ಒದಗಿಸುವ ಸರ್ವರ್ ಹಾಕಿಕೊಂಡಳು, ಎರಡು ಸಲ ಕೈಕೊಟ್ಟಿತು, ಮೂರನೆಯ ಸಲ ಓಡಿತು, ಓಡಿದ್ದೇ ಅಪ್ಪನ ಪುಟ ಕಟ್ಟಿದಳು. ಮೇಲೆ ಅಪ್ಪನ ಫೋಟೋ, ಇದು ನೀವು, ಕೆಳಗೆ ಅಮ್ಮ, ಇವಳು ನಿಮ್ಮ ಹೆಂಡತಿ, ಆಮೇಲೆ ಅಣ್ಣ, ಆಮೇಲೆ ತಾನು, ಎಲ್ಲಕ್ಕಿಂತ ಕೆಳಗೆ ದಪ್ಪನೆಯ ಹಸಿರು ಗುಂಡಿ, ಮನೆಗೆ ಹೋಗಬೇಕು, ಒತ್ತಿದರೆ ವಿಳಾಸ, ಫೋನ್ ನಂಬರು, ದಯವಿಟ್ಟು ಇವರನ್ನು ಇಲ್ಲಿಗೆ ತಲುಪಿಸಿ. ಅಪ್ಪನಿಗೆ ಆ ಗುಂಡಿಯೆಂದರೆ ಪ್ರಾಣ, ಗಟ್ಟಿಯಾಗಿ ಒಂದೇ ಸಲ ಒತ್ತುತ್ತಿದ್ದ, ಬಂತು ನೋಡು ಅಂತ ಅವಳತ್ತ ತಿರುಗುತ್ತಿದ್ದ, ದಾರಿ ತಪ್ಪಿದ್ರೆ ಇದನ್ನ ಒತ್ತಿ ಯಾರಿಗಾದ್ರೂ ತೋರಿಸಪ್ಪಾ, ಅಂತ ಅವಳೇ ಪಾಠ ಮಾಡಿದ್ದಳು, ಅವಳೇ, ಇನ್ಯಾರು. ಪುಟ ಪಡಸಾಲೆಯಲ್ಲಿ ತೆರೆಯಿತು, ಮಹಡಿಯಲ್ಲಿ ತೆರೆಯಿತು, ಗೇಟಿನ ಹತ್ತಿರ ನಿಂತು ನೋಡಿದಳು, ಅಲ್ಲೂ ತೆರೆಯಿತು, ಬೀದಿಯ ತುದಿಗೆ ಒಂದು ಸಲ ಹೋಗಿ ನೋಡಲಿಲ್ಲ. ಗೊತ್ತಿರಲಿಲ್ಲವೇ? ಕ್ಲಾಸಿನ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು, ಮನೇಲಿ ಓಡಿಸೋ ಸರ್ವರ್ ಮನೇಗೇ ಸೀಮಿತ, ನಿಮ್ಮ ವೈಫೈ ದಾಟಿದ್ರೆ ಅದು ಯಾರಿಗೂ ಕಾಣಲ್ಲ, ಹೊರಗಿನೋರು ನೋಡ್ಬೇಕಂದ್ರೆ ಇಂಟರ್ನೆಟ್‌ಗೆ ಹಾಕ್ಬೇಕು, ಅವಳು ಹೂಂ ಅಂದಿದ್ದಳು, ಹಾಕಲೂ ಹೊರಟಿದ್ದಳು, ಅಮ್ಮ ಬೇಡ ಅಂದಳು, ನಿಮ್ಮಪ್ಪನ ತಲೆ ಸರಿಯಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀತೀಯಾ, ಮನೇಲೇ ಚೆನ್ನಾಗಿದೆಯಲ್ಲ, ಇರಲಿ ಬಿಡು. ಇರಲಿ ಬಿಡು ಅಂದದ್ದು ಅಮ್ಮ, ಬಿಟ್ಟದ್ದು ತಾನು, ಬಿಟ್ಟ ಮೇಲೆ ಪೂರ್ತಿ ಮರೆತದ್ದೂ ತಾನೇ, ಮರೆವಿನ ಕಾಯಿಲೆ ಅಪ್ಪನಿಗೆ ಅಂತ ಹೇಳಿಕೊಂಡು ತಿರುಗುತ್ತಾಳೆ.

ನಿನ್ನೆಯೇ ಪೊಲೀಸರಿಗೆ ಹೇಳಿಯಾಯಿತು, ಅಣ್ಣ ಸ್ಕೂಟರಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದಾನೆ, ಇಲ್ಲ, ಇಲ್ಲೂ ಇಲ್ಲ, ಅಂತ ಫೋನು, ಇಲ್ಲ ಅನ್ನುವುದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ತಿಳಿಯದು. ಬಸ್ ಸ್ಟಾಪಿನ ಟೀ ಅಂಗಡಿಯವನು ಸಿಕ್ಕಿದ್ದ, ಮನೆಯ ಗುರುತು ಹೇಳಿ ಕೇಳಿದಳು, ಬಂದಿದ್ರಮ್ಮಾ ಯಜಮಾನ್ರು, ನನ್ನ ಮನೆ ಇದ್ರಲ್ಲಿದೆ ನೋಡಿ ಅಂತ ತೋರಿಸಿದ್ರು, ನೋಡಿದ್ರೆ ಬರೀ ಬಿಳೀ, ಏನೂ ಇಲ್ವಲ್ಲ ಸಾರ್ ಅಂದೆ, ಇರಿ, ಬಂದೇ ಬರುತ್ತೆ ಅಂತ ಒತ್ತುತ್ತಾ ನಿಂತ್ರು, ನನಗೆ ಗಿರಾಕಿ ಬಂದ್ರು, ತಿರುಗಿ ನೋಡಿದ್ರೆ ಬಸ್ ಹತ್ತಿಬಿಟ್ಟಿದ್ರು. ಬಂದೇ ಬರುತ್ತೆ, ಅಯ್ಯೋ ಅಪ್ಪಾ, ಒಂದು ಸಲ ಬೈಯಬಾರದಿತ್ತೇ, ಇದು ಕೆಟ್ಟಿದೆ, ನನ್ನ ಮಗಳು ದಂಡಪಿಂಡ ಅಂತ ಬಿಸಾಕಿ, ಅದೇ ಟೀ ಅಂಗಡಿಯಲ್ಲಿ ಕೂತಿರಬಾರದಿತ್ತೇ, ಕೂತಿದ್ದರೆ ಸಿಗುತ್ತಿದ್ದ, ನಂಬಿದ್ದಕ್ಕೇ ನಿಂತ, ನಂಬಿದ್ದಕ್ಕೇ ಒತ್ತಿದ, ಬಿಳಿಯ ಮೇಲೆ ಆ ಬೆರಳು — ಸಾಲು ಬಿತ್ತು. ಅಮ್ಮನದೇ ಇರಬೇಕು. ಅಲ್ಲ, ಏಳು, ಕೊನೆಗೆ ಏಳು, ಏಳೇ, ಅಮ್ಮಾ, ಅಪ್ಪ ಬಂದ ಕಣೇ ಅಂತ ಕಿರುಚಿ ಕುರ್ಚಿ ಉರುಳಿಸಿ ಬರಿಗಾಲಲ್ಲಿ ಓಡಿದಳು.

ಗೇಟಿನಾಚೆ ಬಸ್ಸಿನ ಕಂಡಕ್ಟರು ನಿಂತಿದ್ದಾನೆ, ಹೆಗಲಲ್ಲಿ ಚರ್ಮದ ಚೀಲ, ಕೈಯಲ್ಲಿ ಟ್ಯಾಬ್ಲೆಟ್ಟು, ಬೆರಗಾಗಿ ಅದನ್ನೇ ನೋಡುತ್ತಿದ್ದಾನೆ, ಅಕ್ಕಾ, ಇಲ್ಲಿಗೆ ಬಂದ ಕೂಡ್ಲೇ ತಾನಾಗೇ ತೆರ್ಕೊಳ್ತು ನೋಡಿ, ನಿನ್ನೆ ಚಾರ್ಜ್ ಹಾಕಿ ನೋಡಿದ್ರೂ ಬರೀ ಬಿಳೀ ಇತ್ತು, ಇದು ನೀವೇ ಅಲ್ವಾ ಫೋಟೋದಲ್ಲಿ, ಟೀ ಅಂಗಡಿಯೋರು ಈ ಮನೆ ಅಂದ್ರು. ಅಪ್ಪ ಎಲ್ಲಿ ಅಂದಳು. ಕೊನೇ ಸ್ಟಾಪಲ್ಲಿ ಇಳಿಸ್ಬಿಟ್ಟೆ ಅಕ್ಕಾ, ಬಸ್ ತುಂಬಾ ಎಲ್ಲರಿಗೂ ತೋರಿಸ್ತಿದ್ರು, ನಾನೇ ರೇಗಿಬಿಟ್ಟೆ, ಕೆಟ್ಟುಹೋಗಿದೆ ಒಳಗಿಟ್ಕೊಳ್ಳಿ ಅಂತ, ಪಾಪ ಇದನ್ನ ಸೀಟಿನ ಮೇಲೇ ಬಿಟ್ಟು ಇಳಿದ್ರು, ಅದು ಗೋಡೌನುಗಳ ಕಡೆ, ಆಮೇಲೆ ಬಯಲು. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ನಿಂತಳು, ಬಂದ್ರಾ, ಎಲ್ಲಿ, ಅಂತ ಕಂಡಕ್ಟರನ ಬೆನ್ನ ಹಿಂದೆ ಇಣುಕುತ್ತಿದ್ದಾಳೆ. ಕಂಡಕ್ಟರು ಇನ್ನೂ ಹೇಳುತ್ತಿದ್ದಾನೆ, ಇಳಿದ ಮೇಲೂ ಬಸ್ಸಿನ ಕನ್ನಡೀಲಿ ಕಂಡ್ರು ಅಕ್ಕಾ, ಕೈಯಲ್ಲಿ ಏನೂ ಇಲ್ಲ, ಆದ್ರೂ ಬರೀ ಅಂಗೈ ಮೇಲೆ ಹಿಂಗೆ ಬೆರಳು ಒತ್ತಿಕೊಂಡು ನಿಂತಿದ್ರು — ಹಿಂಗೆ, ಅಂತ ತೋರಿಸುತ್ತಾನೆ, ಅವಳು ಅಣ್ಣನಿಗೆ ಫೋನು ಮಾಡಬೇಕು, ಆಟೋ ಹಿಡಿಯಬೇಕು, ಕಣ್ಣ ಮುಂದೆ ಬರೀ ಅಂಗೈ, ಅದರ ನಟ್ಟನಡುವೆ ಅಪ್ಪನ ಬೆರಳು, ಒಂದೇ ಸಲ, ಗಟ್ಟಿಯಾಗಿ, ಒತ್ತಿ ಹಿಡಿದ ಬೆರಳು