ಉರಿಸಿ ಉಳಿಸಿದ ಕರೆಂಟು

ನನ್ನ ಗಂಡ ಭೀಮರಾಜ್ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದಾರೆ. ಸೀಸನ್ ಮುಗಿದರೆ ಕೈಗೆ ಕೆಲಸವಿಲ್ಲ, ತಲೆಗೆ ಬಿಡುವಿಲ್ಲ. ಈ ವರ್ಷ ಆ ತಲೆಗೆ ಹೊಳೆದದ್ದನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ.

ಶುರುವಾದದ್ದು ಚೆನ್ನಾಗಿಯೇ. ಮಗಳು ಶ್ರೀವಾಣಿ ನಾಲ್ಕನೇ ಕ್ಲಾಸು. ಅವಳ ಅನಿತ ಮಿಸ್ ಕರೆಂಟು ಉಳಿಸುವ ಪಾಠ ಮಾಡಿದ ದಿನದಿಂದ ಹುಡುಗಿ ಮನೆಯ ಸ್ವಿಚ್ಚುಗಳಿಗೆಲ್ಲ ಕಾವಲು ನಿಂತಳು. ನಾನು ಅಡುಗೆಮನೆಯಿಂದ ಈಚೆ ಕಾಲಿಡುವಷ್ಟರಲ್ಲಿ ಹಿಂದೆ ಲೈಟು ಆರಿರುತ್ತಿತ್ತು. ಎಟುಕದ ಕಡೆ ಸ್ಟೂಲು ಎಳೆದುಕೊಂಡು ಹತ್ತುತ್ತಿದ್ದಳು. ಒಂದು ಸಲ ಸ್ನಾನಕ್ಕೆ ಹೋದ ಅವರಪ್ಪನನ್ನೇ ಕತ್ತಲಲ್ಲಿ ಬಿಟ್ಟಳು. ಯಾರೂ ಹೇಳದೆ ಮಾಡುತ್ತಿದ್ದಳು, ಅದೇ ನನಗೆ ಹೆಮ್ಮೆ.

ಆಮೇಲೆ ಜುಲೈ ಕೊನೆಯಲ್ಲಿ ಸ್ಕೂಲಿನವರು ಒಂದು ಸ್ಪರ್ಧೆ ಇಟ್ಟರು. ಆಗಸ್ಟ್ ತಿಂಗಳಿಗಿಂತ ಸೆಪ್ಟೆಂಬರಿನಲ್ಲಿ ಯಾರ ಮನೆಯ ಕರೆಂಟ್ ಬಿಲ್ಲು ಹೆಚ್ಚು ಇಳಿಯುತ್ತದೋ ಆ ಮಗುವಿಗೆ ಬಹುಮಾನ. ಮಗಳು ಹೇಳಿದ್ದನ್ನು ಕೇಳಿ ಇವರು ನಕ್ಕರು.

"ಇಳಿಯೋದು ನೋಡ್ತಾರಾ? ಹಂಗಾದ್ರೆ ಮೊದ್ಲು ಏರಿಸ್ಬೇಕು ಕಣೇ. ಮಂಡೀಲಿ ನಾವು ಮಾಡೋದೂ ಅದೇ ತಾನೆ? ರೇಟು ಏರಿಸ್ಕೊಂಡು ಕೂತಿದ್ದು ಆಮೇಲೆ ಇಳಿಸಿದ್ರೆ, ಗಿರಾಕಿ ಕೈಮುಗಿದು ಹೋಗ್ತಾನೆ."

ತಮಾಷೆ ಅಂದುಕೊಂಡೆ. ಆಗಸ್ಟ್ ಒಂದನೇ ತಾರೀಕಿನಿಂದ ನಮ್ಮ ಮನೆ ಮದುವೆ ಛತ್ರವಾಯಿತು. ಹಗಲೂ ರಾತ್ರಿ ಎಲ್ಲ ಲೈಟು, ಯಾರೂ ಇಲ್ಲದ ರೂಮಿನಲ್ಲಿ ಫ್ಯಾನು. ಗೀಸರ್ ಆರಿಸುವ ಹಾಗೇ ಇಲ್ಲ. ಕಾದ ನೀರನ್ನು ಬಚ್ಚಲಿಗೆ ಬಿಟ್ಟು ಮತ್ತೆ ಕಾಯಿಸುವುದು. ದುಡ್ಡು ಕೊಟ್ಟು ಟ್ಯಾಂಕರಿನಲ್ಲಿ ತರಿಸಿದ ನೀರು ಹಬೆಯಾಡುತ್ತಾ ಮೋರಿಗೆ ಹೋಗುತ್ತಿತ್ತು. ಮಳೆಗಾಲದ ಹುಳುಗಳು ಬೇರೆ. ಬೆಳಿಗ್ಗೆ ಎದ್ದರೆ ದೀಪದ ಕೆಳಗೆ ರೆಕ್ಕೆ ಉದುರಿದ ಹುಳುಗಳ ರಾಶಿ. ಸಾರಿನಲ್ಲಿ ಹುಳು, ಹಾಸಿಗೆಯಲ್ಲಿ ಹುಳು. ಬಾಚಿ ಬಾಚಿ ಆಚೆ ಎಸೆದು ನನಗೆ ಊಟವೇ ಸೇರದಾಯಿತು.

ಒಂದು ಮಧ್ಯಾಹ್ನ ಮಗಳು ಅಭ್ಯಾಸದಂತೆ ಸ್ಟೂಲು ಹತ್ತಿ ನಡುಮನೆಯ ಲೈಟು ಆರಿಸಿದಳು.

"ಮುಟ್ಬೇಡ ಅಂತ ಹೇಳಿದೀನಲ್ಲ," ಇವರು ಗದರಿದರು. "ಈ ತಿಂಗ್ಳು ಉರೀಲಿ."

"ಮಿಸ್ ಆರಿಸ್ಬೇಕು ಅಂದಿದಾರಪ್ಪ."

"ಮುಂದಿನ್ ತಿಂಗ್ಳು ಆರಿಸ್ತೀವಲ್ಲ. ನಿಂಗೆ ಬಹುಮಾನ ಬೇಕೋ ಬೇಡ್ವೋ?"

ಮಗು ಸ್ಟೂಲಿನ ಮೇಲೇ ನಿಂತು ನನ್ನ ಮುಖ ನೋಡಿತು.

"ಏನ್ರೀ, ಮಗೂಗೆ ಕಲಿಸೋ ಬುದ್ಧೀನಾ ಇದು?" ಅಂದೆ.

"ನಿಂಗೆ ವ್ಯವಹಾರ ಗೊತ್ತಾಗಲ್ಲ ಸುನಂದ, ಸುಮ್ನಿರು."

ಶ್ರೀವಾಣಿ ಮತ್ತೆ ಲೈಟು ಹಾಕಿ ಕೆಳಗಿಳಿದಳು.

ಸೆಪ್ಟೆಂಬರಿನಲ್ಲಿ ಮನೆ ಮಸಣವಾಯಿತು. ಫ್ರಿಡ್ಜು, ವಾಷಿಂಗ್ ಮೆಷಿನ್ನು ಟೆಂಪೋ ಹತ್ತಿ ಮಂಡಿಯ ಶೆಡ್ಡಿಗೆ ಹೋದವು. ಅಲ್ಲಿ ಎಂದಿನಂತೆ ಓಡಿದವು, ಮೀಟರು ಮಾತ್ರ ಬೇರೆ. ಕೊಳೆತ ಮಾವಿನ ನಾತ ಇನ್ನೂ ಹೋಗದ ಆ ಶೆಡ್ಡಿನಲ್ಲಿ, ಹೆಗ್ಗಣಗಳ ನಡುವೆ ನಿಂತು ನಾನು ಮನೆಯ ಬಟ್ಟೆ ಒಗೆದೆ. ಅಲ್ಲಿಂದ ತಂದ ಹಾಲಿಗೂ ಅದೇ ನಾತ ಅನ್ನಿಸಿ ಬಾಯಿಗೆ ಇಡಲಾಗಲಿಲ್ಲ.

ಬಿಲ್ಲು ಬಂತು. ಇಡೀ ಸ್ಕೂಲಿನಲ್ಲಿ ನಮ್ಮದೇ ಹೆಚ್ಚು ಇಳಿದಿತ್ತು.

ಬಹುಮಾನದ ದಿನ ನಾನು ಮೊದಲೇ ಹೋಗಿ ಅನಿತ ಮಿಸ್ಸಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಲೈಟು, ಗೀಸರು, ಶೆಡ್ಡು, ಯಾವುದನ್ನೂ ಬಿಡಲಿಲ್ಲ. ಮಿಸ್ ಕುರ್ಚಿ ಜೋಡಿಸುತ್ತಲೇ ಕೇಳಿಸಿಕೊಂಡರು.

"ಬಿಲ್ಲು ಕೊಟ್ಟಿದೀರಲ್ಲ ಮೇಡಂ, ನಮ್ಗೆ ಅಷ್ಟು ಸಾಕು. ಹೆಸ್ರು ಹಾಕಿ ಬ್ಯಾನರೂ ಮಾಡ್ಸಾಗಿದೆ. ಈಗ ಎಲ್ಲಿ ಬದ್ಲಾಯಿಸೋದು?"

ಕಾರ್ಯಕ್ರಮ ಶುರುವಾದಾಗ ನನ್ನ ಪಕ್ಕದಲ್ಲಿ ದೊಡ್ಡಮುನಿಯಪ್ಪ ಕೂತಿದ್ದರು. ಮೊಮ್ಮಗಳು ಶಿವಾನಿ ನನ್ನ ಮಗಳ ಕ್ಲಾಸೇ. ಅವರ ಮನೆಯಲ್ಲಿರುವುದು ಎರಡು ಬಲ್ಬು, ಒಂದು ಫ್ಯಾನು. ಏರಿಸಲೂ ಏನಿಲ್ಲ, ಇಳಿಸಲೂ ಏನಿಲ್ಲ. ಮಿಸ್ ಮೈಕಿನಲ್ಲೇ, "ಶಿವಾನಿ ಮನೇದು ಒಂಚೂರೂ ಇಳಿದಿಲ್ಲ. ಮುಂದಿನ್ ಸಲ ನೀವೂ ಉಳಿಸೋದು ಕಲೀಬೇಕು," ಅಂದರು. ಆ ಹುಡುಗಿ ತಲೆ ತಗ್ಗಿಸಿತು. ಮುದುಕರು ಟವೆಲಿನಿಂದ ಮುಖ ಒರೆಸಿಕೊಂಡರು.

ಶ್ರೀವಾಣಿಯನ್ನು ವೇದಿಕೆ ಮೇಲೆ ಕರೆದು, ಹೇಗೆ ಉಳಿಸಿದೆ ಅಂತ ಕೇಳಿದರು.

"ಬೇಡದ ಕಡೆ ಎಲ್ಲಾ ಆರಿಸಿದ್ವಿ ಮಿಸ್," ಅಂದಳು. ತಡವರಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಇವರು.

ಮನೆಗೆ ಬಂದಾಗ ಇನ್ನೂ ಸುಡು ಬಿಸಿಲು. ಮಗಳು ಬಹುಮಾನದ ಕಪ್ಪನ್ನು ಟಿವಿ ಪಕ್ಕ ಇಟ್ಟು ಸ್ಟೂಲು ಎಳೆದುಕೊಂಡಳು. ಎಷ್ಟೋ ದಿನದ ಮೇಲೆ ಆ ಸ್ಟೂಲಿನ ಸದ್ದು ಕೇಳಿ ನನ್ನ ಜೀವ ಒಂದು ಕ್ಷಣ ಹಗುರಾಯಿತು.

ಅವಳು ನಡುಮನೆಯ ಲೈಟು ಹಾಕಿದಳು. ಇಳಿದು, ಸ್ಟೂಲು ಎಳೆದುಕೊಂಡು ಹೋಗಿ ಅಡುಗೆಮನೆಯದು ಹಾಕಿದಳು. ಆಮೇಲೆ ರೂಮಿನ ಫ್ಯಾನು.

"ಹಗಲು ಹೊತ್ತಲ್ಲಿ ಯಾಕೆ ಪಾಪ?"

"ಇರ್ಲಿ ಬಿಡಮ್ಮ," ಅಂದಳು. "ಮುಂದಿನ್ ವರ್ಷಾನೂ ಇಳಿಸ್ಬೇಕಲ್ವಾ."

ಇವರು ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಸ್ಟೂಲು ಬಚ್ಚಲುಮನೆ ಕಡೆ ಹೋಗುತ್ತಿತ್ತು.