ಕೆಂಪು ಸಮುದ್ರದ ಈಚೆ ದಡ

"ನಾಲ್ಕನೇ ಅಧ್ಯಾಯ ತೆಗೆದುಹಾಕಮ್ಮ. ನಾಳೆ ಬೆಳಿಗ್ಗೆನೇ ಸಹಿ ಹಾಕ್ತೀನಿ," ಎಂದರು ಪ್ರೊಫೆಸರ್ ಚಂದ್ರಮೋಹನ, ಕನ್ನಡಕ ಒರೆಸುತ್ತ. ವಾದ ಮಾಡಲು ಮನಸ್ಸಿಲ್ಲದಾಗ ಅವರು ಕನ್ನಡಕ ಒರೆಸುತ್ತಿದ್ದರು. ಅಮೂಲ್ಯಳ ನಾಲ್ಕು ವರ್ಷದ ದುಡಿಮೆಯಾದ ಪಿಎಚ್‌ಡಿ ಪ್ರಬಂಧ ಅವರ ಮೇಜಿನ ಮೇಲಿತ್ತು. ಗೈಡ್ ಆದ ಅವರ ಸಹಿ ಇಲ್ಲದಿದ್ದರೆ ಅದು ಬರೀ ರದ್ದಿ. ಸಲ್ಲಿಸಲು ಉಳಿದದ್ದು ಎರಡೇ ದಿನ.

ಅರಬ್ಬಿ ನೆಲದಿಂದ ಕೆಂಪು ಸಮುದ್ರ ದಾಟಿ ಬಂದ ಸೆಮಿಟಿಕ್ ಜನ ಇಥಿಯೋಪಿಯಾಕ್ಕೆ ನಾಗರಿಕತೆ ತಂದರು, ಅಲ್ಲಿದ್ದ ಕುಶಿಟಿಕ್ ಜನ ಸುಮ್ಮನೆ ಕಲಿತರು ಎಂದು ಪ್ರೊಫೆಸರು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತ ಬಂದಿದ್ದರು. ನಾಲ್ಕನೇ ಅಧ್ಯಾಯದಲ್ಲಿ ಇವಳು ಬರೆದದ್ದೇ ಬೇರೆ. ಸೆಮಿಟಿಕ್, ಕುಶಿಟಿಕ್ ಎರಡೂ ಒಂದೇ ಪುರಾತನ ಮನೆತನದ ಭಾಷೆಗಳು. ಬಂದವರು ಕೆಲವರು, ಅವರ ಮಾತನ್ನು ಎತ್ತಿಕೊಂಡು ತಮ್ಮ ರೂಢಿಗೆ ಬಗ್ಗಿಸಿದವರು ಕುಶಿಟಿಕ್ ಜನ. ಇವತ್ತು ಅಲ್ಲಿ ಅಮ್ಹಾರಿಕ್ ಎಂಬ ಸೆಮಿಟಿಕ್ ಭಾಷೆ ಆಡುವ ಎಷ್ಟೋ ಮಂದಿಯ ಪೂರ್ವಿಕರು ಅವರೇ.

"ನಮ್ಮ ಕಡೆ ಹುಡುಗಿ ಅಂತ ಹೇಳ್ತಿದೀನಿ. ಹಟ ಯಾಕೆ?"

"ಸರಿ ಸರ್," ಎಂದಳು. ಹಾಗೆಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ದಿಲ್ಲಿಯ ಮುನಿರ್ಕಾದಲ್ಲಿದ್ದ ಕಾಂತಪ್ಪನ ಹೋಟೆಲಿನಲ್ಲಿ ಚಾಲ್ತು ಮತ್ತು ತಿಗಿಸ್ತ್ ಕಾಯುತ್ತಿದ್ದರು. ಒಂದೇ ಬಾಡಿಗೆ ಕೋಣೆಯಲ್ಲಿದ್ದ ಇಥಿಯೋಪಿಯಾದ ವಿದ್ಯಾರ್ಥಿನಿಯರು. ಚಾಲ್ತುವಿನ ಮಾತು ಕುಶಿಟಿಕ್ ಬಳಗದ ಒರೊಮೊ, ತಿಗಿಸ್ತಳದು ಸೆಮಿಟಿಕ್ ಬಳಗದ ಅಮ್ಹಾರಿಕ್. ಅಮೂಲ್ಯಳ ಟೇಪುಗಳ ತುಂಬ ಇವರದೇ ದನಿ. ಪ್ರಬಂಧ ಮುಗಿದ ಖುಷಿಗೆ ಇವತ್ತಿನ ಊಟ ಅವರದು. ತಮ್ಮೂರಿನ ಹುಳಿರೊಟ್ಟಿಗೆ ಹತ್ತಿರದ್ದೆಂದು ಸೆಟ್ ದೋಸೆ ಹೇಳಿದ್ದರು, ಮೂವರಿಗೂ ಒಂದೇ ದೊಡ್ಡ ತಟ್ಟೆ.

ತಿಗಿಸ್ತ್ ತಮ್ಮೂರಿನ ರೂಢಿಯಂತೆ ದೋಸೆ ಮುರಿದು, ಪಲ್ಯ ಸುತ್ತಿ, ಚಾಲ್ತುವಿನ ಬಾಯಿಗಿಟ್ಟಳು. ಅದೇ ಬೆರಳುಗಳಲ್ಲಿ ಇನ್ನೊಂದು ತುತ್ತು ಅಮೂಲ್ಯಳ ಮುಂದೆ ಬಂತು. ಅಮೂಲ್ಯಳ ಅಮ್ಮ ಪದ್ಮಾ, ಲೋಧಿ ಕಾಲೋನಿಯ ಮನೆಯಲ್ಲಿ ಎಂಜಲಾಗದಂತೆ ಲೋಟ ಎತ್ತಿ ಕುಡಿಯುವುದನ್ನು ಮಗಳಿಗೆ ಕಲಿಸಿದವಳು. ಹೀಗಾಗಿ ಈ ನಾಲ್ಕು ವರ್ಷವೂ ಅಮೂಲ್ಯ ಉಪವಾಸ, ಹೊಟ್ಟೆನೋವು ಎಂದು ನೆವ ಹೇಳಿ ಜಾರಿಕೊಂಡಿದ್ದಳು.

"ತುತ್ತು ಬೇಡ ಅಂದ್ರೆ ನೀವು ನಮಗೆ ಯಾರೂ ಅಲ್ಲ ಅಂದ ಹಾಗೆ," ಎಂದಳು ಚಾಲ್ತು ಅರೆಬರೆ ಹಿಂದಿಯಲ್ಲಿ. "ನಾಲ್ಕು ವರ್ಷದಿಂದ ಹಾಗೇ ಅಂತಿದೀಯ."

ಅಮೂಲ್ಯಳಿಗೆ ನಾಚಿಕೆಯಾಯಿತು. ಇವರಿಬ್ಬರದೂ ಒಂದೇ ಮನೆ ಎಂದು ಪುಟಗಟ್ಟಲೆ ಬರೆದವಳು ಆ ಮನೆಯ ಅನ್ನಕ್ಕೆ ಬಾಯಿ ಮುಚ್ಚಿಕೊಂಡಿದ್ದಳು. ಬಾಯಿ ತೆರೆದಳು. ತುತ್ತು ನುಂಗಿದ ಮೇಲೆ ಪ್ರೊಫೆಸರು ಹೇಳಿದ್ದನ್ನೂ, ತಾನು ಒಪ್ಪಿದ್ದನ್ನೂ ಮುಚ್ಚಿಡಲು ಅವಳಿಂದಾಗಲಿಲ್ಲ.

ಚಾಲ್ತು ತಟ್ಟೆಯಿಂದ ಕೈ ತೆಗೆದಳು. "ಸ್ಕೂಲಲ್ಲಿ ಒರೊಮೊ ಮಾತಾಡಿದ್ದಕ್ಕೆ ಏಟು ತಿಂದಿದೀನಿ. ಅಚ್ಛಾ, ಈಗ ದಿಲ್ಲಿಯಲ್ಲೂ ನಮ್ಮನ್ನ ಅಳಿಸಿಹಾಕ್ತಾರಾ?"

"ನನ್ನಜ್ಜಿ ಒರೊಮೊ," ಎಂದಳು ತಿಗಿಸ್ತ್ ಮೆಲ್ಲಗೆ. ಚಾಲ್ತು ಬೆಚ್ಚಿ ಅವಳ ಮುಖ ನೋಡಿದಳು. "ಮನೇಲಿ ಯಾರೂ ಬಾಯಿ ಬಿಡ್ತಿರಲಿಲ್ಲ. ಅದನ್ನೂ ಬರಿ."

ಮರುದಿನ ಪ್ರೊಫೆಸರು ಹಾಳೆ ತಿರುವಿದವರು ತಲೆಯೆತ್ತಿದರು. "ನಾಲ್ಕನೇ ಅಧ್ಯಾಯ ಇಲ್ಲೇ ಇದೆಯಲ್ಲ!"

"ಇದೆ ಸರ್. ಒಂದು ಪುಟ ಜಾಸ್ತೀನೂ ಆಗಿದೆ."

"ಹಾಗಾದ್ರೆ ಸಹಿ ಇಲ್ಲ."

"ಬೇಡ ಸರ್. ತಪ್ಪೆಲ್ಲಿದೆ ತೋರಿಸಿ. ಇಲ್ಲಾಂದ್ರೆ ಸಹಿ ಯಾಕೆ ಹಾಕಲ್ಲ ಅಂತ ಬರೆದುಕೊಡಿ, ಅದನ್ನೇ ಲಗತ್ತಿಸಿ ಸಲ್ಲಿಸ್ತೀನಿ."

ಪ್ರೊಫೆಸರು ಕಿಟಕಿಯ ಕಡೆ ತಿರುಗಿದರು. ಅಮೂಲ್ಯ ಖಾಲಿ ಹಾಳೆಯೊಂದನ್ನು ಅವರ ಮುಂದಿಟ್ಟು, ಪೆನ್ನಿನ ಟೋಪಿ ತೆಗೆದು ಪಕ್ಕದಲ್ಲಿರಿಸಿದಳು. ಆಮೇಲೆ, ಅವರು ಕೂರು ಎನ್ನದಿದ್ದರೂ, ಎದುರಿನ ಕುರ್ಚಿ ಎಳೆದುಕೊಂಡು ಕೂತಳು.