ಗಿನ್ಸಾಗಿ ತಲೆಬಾಗುವುದಿಲ್ಲ

ಮುಖವಾಡದ ಒಳಗಿನಿಂದ ಅತ್ಸುಯಾನಿಗೆ ಲೋಕವೆಂದರೆ ಎರಡು ಸಣ್ಣ ಸೀಳು, ಅಷ್ಟೇ. ನಿಂತರೆ ದೊಡ್ಡವರ ಸೊಂಟ, ಕೈಚೀಲ, ಬೂಟು. ಮಂಡಿಯೂರಿದರೆ ಮಕ್ಕಳ ಮುಖ. ಅಂಗಡಿ ಕಟ್ಟಡದ ತಾರಸಿಯ ಮೇಲೆ ಎರಡನೇ ಆಟ ಮುಗಿದು ಮಕ್ಕಳು ಬಂದು ಕೈಕುಲುಕುವ ಸಾಲು ಶುರುವಾಗಿತ್ತು. ಬೆವರು ಹುಬ್ಬು ದಾಟಿ ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳುವ ಹಾಗಿರಲಿಲ್ಲ.

ಟೀವಿಯ ವೀರ ಗಿನ್ಸಾಗಿಗೆ, ಅಂದರೆ ಬೆಳ್ಳಿ ಕೊಕ್ಕರೆಗೆ, ಮುಖ ಒಬ್ಬನದು, ಮೈ ಇನ್ನೊಬ್ಬನದು. ಮುಖ ಒಬ್ಬ ಚೆಲುವ ಹುಡುಗನದು, ಅವನ ಚಿತ್ರ ಬಿಸ್ಕತ್ತಿನ ಪೊಟ್ಟಣದ ಮೇಲೂ ಇತ್ತು. ಬೆಳ್ಳಿ ಕೊಕ್ಕಿನ ಮುಖವಾಡ ಏರಿದ ಮೇಲೆ ಹಾರುವುದು, ಬೀಳುವುದು, ಬೆಂಕಿಯ ನಡುವೆ ನಿಲ್ಲುವುದು ಎಲ್ಲ ಅತ್ಸುಯಾನದು. ಒಳಗಿರುವವನು ಯಾರೆಂದು ಮನೆಯವರಿಗೂ ಹೇಳಕೂಡದು ಎಂಬುದು ಕರಾರು. ಹಿಂದೆ ಒಬ್ಬ ತನ್ನ ಹೆಂಡತಿಗೆ ಹೇಳಿದ, ಅವಳು ತನ್ನ ತಂಗಿಗೆ ಹೇಳಿದಳು. ಸ್ವಲ್ಪ ದಿನಕ್ಕೆ ಮುಖವಾಡದೊಳಗೆ ಬೇರೆಯವನಿದ್ದ.

ಅತ್ಸುಯಾ ಹೇಳಲಿಲ್ಲ. ಮೈತುಂಬ ಕಂದಿದ ಗಾಯ, ರಜೆಯ ದಿನವೇ ಮನೆಯಿಂದ ಮಾಯ, ಕೇಳಿದರೆ ಕೆಲಸ ಎಂಬ ಒಂದೇ ಉತ್ತರ. ಕೇಳಿ ಕೇಳಿ ಸಾಕಾಗಿ ಹೆಂಡತಿ ಮಿಹೊ ವಿಚ್ಛೇದನ ಪಡೆದು, ಮಗಳು ಚಿನಾತ್ಸುವನ್ನು ಕರೆದುಕೊಂಡು ತವರು ಸೇರಿದಳು. ತಿಂಗಳಿಗೊಮ್ಮೆ ಮಗಳನ್ನು ನೋಡಬೇಕಾದರೆ ಅವನು ಅತ್ತೆ ಫುಸಾಯೆಯ ಬಾಗಿಲಿಗೆ ಹೋಗಬೇಕಿತ್ತು. ತಡವಾದಾಗಲೆಲ್ಲ, ಅಂದರೆ ಹೆಚ್ಚುಕಡಿಮೆ ಪ್ರತಿ ಸಲವೂ, ಎರಡೂ ಅಂಗೈಗಳನ್ನು ತೊಡೆಗೆ ಒತ್ತಿ, ಬೆನ್ನು ನೆಲಕ್ಕೆ ಸಮನಾಗುವಷ್ಟು ಬಾಗಿ, ಆಕೆ ಸಾಕು ಅನ್ನುವವರೆಗೂ ಹಾಗೆಯೇ ನಿಲ್ಲುತ್ತಿದ್ದ. ಆಕೆ ಬೇಗ ಅನ್ನುತ್ತಿರಲಿಲ್ಲ.

ಈ ತಿಂಗಳ ಭೇಟಿ ಇವತ್ತೇ ಇತ್ತು. ಎರಡನೇ ಆಟಕ್ಕೆ ಬರಬೇಕಾದವನ ಕಾಲು ಉಳುಕಿ, ಅದೂ ಇವನ ತಲೆಗೇ ಬಂತು. ಬೆಳಿಗ್ಗೆ ಫೋನು ಮಾಡಿದಾಗ ಫುಸಾಯೆ ಕೂಗಾಡಲಿಲ್ಲ. ಯಾವ ಕೆಲಸ, ಹೆಸರು ಹೇಳು ಅಂದಳು. ಅವನು ಮತ್ತೆ ಕೆಲಸ ಎಂದಷ್ಟೇ ಅಂದ. ಮಿಹೊ ಮರುಮದುವೆಯಾಗಿ ದೂರದ ಹಕಾತಾ ನಗರಕ್ಕೆ ಹೊರಟಿದ್ದಾಳೆ, ಹೊಸ ಗಂಡ ಮಗುವಿಗೆ ತನ್ನ ಮನೆತನದ ಹೆಸರು ಕೊಡುತ್ತಾನೆ, ಇವತ್ತು ಬಾರದವನು ಇನ್ನು ಯಾವತ್ತೂ ಬರುವುದು ಬೇಡ. ಅಷ್ಟು ಹೇಳಿ ಫೋನಿಟ್ಟಳು.

ಸಾಲು ಮುಂದೆ ಸರಿಯಿತು. ಸೀಳಿನೊಳಗೆ ಒಂದು ನೀಲಿ ಬಟ್ಟೆಯ ಚೀಲ ಬಂತು. ಅತ್ತೆಯ ಬಾಗಿಲಲ್ಲಿ ಮೊಳೆಗೆ ತೂಗುತ್ತಿದ್ದ ಚೀಲ. ಬಾಗಿ ನಿಂತಾಗಲೆಲ್ಲ ಅವನ ಕಣ್ಣಿಗೆ ಬೀಳುತ್ತಿದ್ದದ್ದು ಅದೊಂದೇ. ಅವನು ಮಂಡಿಯೂರಿದ. ಎದುರಿಗೆ ಚಿನಾತ್ಸುವಿನ ಮುಖ, ಅತ್ತು ತೊಳೆದ ಮುಖ.

"ನಮ್ಮಪ್ಪ ಇವತ್ತೂ ಬರ್ಲಿಲ್ಲ," ಅಂದಳು ಅವಳು ಅವನ ಕೈಗವಸು ಹಿಡಿದುಕೊಂಡು. "ಅದಕ್ಕೇ ಅಜ್ಜಿ ನಿನ್ನ ಹತ್ರ ಕರ್ಕೊಂಡ್ ಬಂದ್ರು."

ಅಪ್ಪ ಸುಳ್ಳುಗಾರ, ಎಲ್ಲಾದರೂ ಸಿಕ್ಕರೆ ರೆಕ್ಕೆಯಿಂದ ಬಾರಿಸು ಎಂದೂ ಹೇಳಿದಳು. ಗಿನ್ಸಾಗಿ ಮಾತಾಡುವುದಿಲ್ಲ. ಕೇಳಿಸಿತು ಎಂಬುದಕ್ಕೆ ಮುಷ್ಟಿಯನ್ನು ಎದೆಗೆ ಒತ್ತಿಕೊಳ್ಳುತ್ತಾನೆ. ಅತ್ಸುಯಾ ಒತ್ತಿಕೊಂಡ.

"ನೀನೂ ಅಷ್ಟೇ. ನೀನ್ಯಾರು ಅಂತ ನಿನ್ ತಂಗಿಗೆ ಹೇಳ್ದೇ ಓಡಿ ಹೋಗ್ತೀಯ. ಅವಳು ಅಳ್ತಾಳೆ, ಟೀವೀಲಿ ನೋಡ್ದೆ."

ಅವನು ಎದ್ದು ನಿಂತ. ಸೀಳಿಗೆ ಕಾಣದ ಮೇಲಿನಿಂದ ಫುಸಾಯೆಯ ದನಿ ಕೇಳಿಸಿತು, ಅವನಿಗೆಂದು ಆಕೆ ಎಂದೂ ಬಳಸದ ಮೆತ್ತಗಿನ ದನಿ. ಇಷ್ಟು ಬಿಸಿಲಲ್ಲಿ ಬಹಳ ಕಷ್ಟಪಟ್ಟಿರಿ, ಮಗುವಿಗೆ ಸಮಾಧಾನವಾಯಿತು ಎಂದಳು. ಆ ದನಿಗೆ ಅವನ ಮೈ ತಾನಾಗಿ ಮಣಿಯಿತು. ಅಂಗೈ ತೊಡೆಗೆ ಹೋಯಿತು, ಬೆಳ್ಳಿ ಕೊಕ್ಕು ನೆಲ ನೋಡಿತು.

ಆಟ ನಡೆಸಿಕೊಡುವ ಕಾಯೊ, ಮಕ್ಕಳೆಲ್ಲ ಅಕ್ಕಾ ಎಂದು ಕರೆಯುವವಳು, ಓಡಿಬಂದು ಮುಖವಾಡದ ಕಿವಿಯ ಹತ್ತಿರ ಹಲ್ಲು ಕಚ್ಚಿ ಅಂದಳು: "ಏಳ್ರೀ. ಗಿನ್ಸಾಗಿ ಯಾರಿಗೂ ಬಾಗಲ್ಲ." ಅಷ್ಟರಲ್ಲಿ ಸಾಲಿನಲ್ಲಿ ಯಾವುದೋ ಮಗು ಬಿದ್ದು ಅತ್ತದ್ದರಿಂದ ಅತ್ತ ಓಡಿದಳು. ಅತ್ಸುಯಾನಿಗೆ ಏಳಲಾಗಲಿಲ್ಲ. ಬೆನ್ನು ಒಂದು ಮಾತಿಗೆ ಕಾಯುತ್ತಿತ್ತು.

"ಸಾಕು," ಅಂದಳು ಫುಸಾಯೆ.

ಅವನು ಎದ್ದ. ಆಕೆಗೂ ತಾನು ಏನಂದೆನೆಂದು ಆಗಲೇ ತಿಳಿದಿರಬೇಕು. ನೀಲಿ ಚೀಲ ಅಲ್ಲಾಡದೆ ನಿಂತಿತು. ಆಮೇಲೆ ಆಕೆಯ ಬಾಯಿ ಕೊಕ್ಕಿನ ಹತ್ತಿರಕ್ಕೇ ಬಂತು.

"ಓಹೋ. ಇದಾ ನಿನ್ನ ಕೆಲ್ಸ. ಈ ಪ್ಲಾಸ್ಟಿಕ್ ಕೊಕ್ಕಿಗೋಸ್ಕರ ನನ್ ಮಗಳು ಗೋಡೆ ಜೊತೆ ಸಂಸಾರ ಮಾಡಿದ್ಲು."

ಆಕೆಯ ಬೆರಳು ಕೊಕ್ಕನ್ನು ಕುಟ್ಟಿತು.

"ತೆಗಿ ಅದನ್ನ. ಇಲ್ಲೇ, ಇವಳ ಮುಂದೆ. ತೆಗೆದ್ರೆ ಹಕಾತಾಗೆ ಬಂದು ನೋಡ್ಕೋ, ಮಿಹೊಗೆ ನಾನು ಹೇಳ್ತೀನಿ. ಇಲ್ಲಾಂದ್ರೆ ಇವಳಿಗೆ ಅಪ್ಪ ಅನ್ನೋನೇ ಇರ್ಲಿಲ್ಲ ಅಂದ್ಕೋ."

ಕೆಲಸ ಹೋದರೆ ಹೋಗಲಿ ಅನ್ನಿಸಿತು. ಈ ಮಾತು ಹಿಂದೆ ಯಾವತ್ತೂ ಯಾಕೆ ಅನ್ನಿಸಲಿಲ್ಲವೋ ಅವನಿಗೇ ತಿಳಿಯಲಿಲ್ಲ. ಕೈ ಕತ್ತಿನ ಹಿಂದಿನ ಕೊಂಡಿಗೆ ಹೋಯಿತು, ಹೆಬ್ಬೆರಳು ಅದನ್ನು ಅರ್ಧ ಎತ್ತಿತು.

"ಬೇಡ," ಅಂದಳು ಚಿನಾತ್ಸು.

ಅವಳಿಗೆ ಅಜ್ಜಿಯ ಪಿಸುಮಾತು ಕೇಳಿಸಿರಲಿಲ್ಲ. ಆ ಕೈ ಎಲ್ಲಿಗೆ ಹೋಯಿತೆಂಬುದು ಮಾತ್ರ ಕಂಡಿತ್ತು. ತಟ್ಟನೆ ಅವನಿಗೆ ಬೆನ್ನು ಹಾಕಿ, ಸಾಲಿನ ಕಡೆ ತಿರುಗಿ, ಎರಡೂ ತೋಳು ಅಗಲಿಸಿ ಅವನನ್ನು ಮರೆಮಾಡಿ ನಿಂತಳು.

"ಎಲ್ರೂ ನೋಡ್ತಿದಾರೆ. ತೆಗೆದ್ರೆ ನೀನು ಗಿನ್ಸಾಗಿ ಆಗಿರಲ್ಲ."

ಅವಳು ಮರೆಮಾಡಲು ಸಾಧ್ಯವಾದದ್ದು ಅವನ ಮಂಡಿಯನ್ನು ಮಾತ್ರ. ಮುಖವಾಡದೊಳಗೆ ಅವನು ಬಾಯಿ ತೆರೆದ. ಮುದ್ದಿನಿಂದ ಚೀ ಎಂದು ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ. ಅವಳಿಗೆ ಗುರುತು ಸಿಗಲು ಆ ಒಂದಕ್ಷರ ಸಾಕಿತ್ತು. ಬಿಸಿ ಉಸಿರು ಮಾತ್ರ ಹೊರಟು ಸೀಳುಗಳಿಗೆ ಮಂಜು ಕವಿಯಿತು. ಕೊಂಡಿ ಟಿಕ್ ಎಂದು ಮತ್ತೆ ಕೂತುಕೊಂಡಿತು.

ಫುಸಾಯೆಗೆ ಆ ಸದ್ದು ಕೇಳಿಸಿತು.

"ಸರಿ," ಅಂದಳು. ಚೀಲವನ್ನು ಮೊಣಕೈಗೆ ಏರಿಸಿಕೊಂಡು, ಅಂಗಡಿಯ ಗಲ್ಲೆಯ ಮುಂದೆ ಚಿಲ್ಲರೆ ತೆಗೆದುಕೊಳ್ಳುವಾಗ ಬಾಗುವಷ್ಟೇ ಬಾಗಿದಳು. "ಬಹಳ ಉಪಕಾರವಾಯ್ತು. ಬರ್ತೀವಿ."

ಆಕೆ ಅವನಿಗೆ ಬಾಗಿದ್ದು ಅದೇ ಮೊದಲು.

ಮಗುವನ್ನು ಎಳೆದುಕೊಂಡು ಹೋಗುತ್ತ, ಅವನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು: "ನಿಮ್ಮಪ್ಪನ್ನ ಇನ್ನು ಕಾಯೋದು ಬೇಡ ಪುಟ್ಟಿ. ಈಗಷ್ಟೇ ತಿಳೀತು. ಅವನು ಬರಲ್ವಂತೆ, ಯಾವತ್ತೂ."

ಚಿನಾತ್ಸು ತಾರಸಿಯ ಬಾಗಿಲ ಬಳಿ ತಿರುಗಿ ಒಂಟಿ ಕಾಲಿನಲ್ಲಿ ನಿಂತು, ತೋಳನ್ನು ರೆಕ್ಕೆಯಂತೆ ಚಾಚಿದಳು. ಗಿನ್ಸಾಗಿ ಗೆದ್ದಾಗ ನಿಲ್ಲುವ ಭಂಗಿ. ಮಕ್ಕಳು ಹಾಗೆ ನಿಂತರೆ ಅವನೂ ನಿಲ್ಲಲೇಬೇಕು.

ಅತ್ಸುಯಾ ರೆಕ್ಕೆ ಚಾಚಿ, ಎರಡು ಆಟ ಆಡಿ ನೋಯುತ್ತಿದ್ದ ಒಂಟಿ ಕಾಲಿನ ಮೇಲೆ ನಿಂತ. ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದರು. ಬಾಗಿಲು ಮುಚ್ಚಿತು. ಕಾಯೊ ಬಂದು ಮೊಣಕೈ ತಿವಿದು ಮುಂದಿನ ಮಗು ಎಂದಳು. ಅವನು ಇನ್ನೂ ಕಾಲು ಇಳಿಸಿರಲಿಲ್ಲ.